ಎಲ್ಲರಿಗೂ ಒಂದು ಕುರ್ಚಿ

ಗುಂಡಿ ಒತ್ತಿ ತಿದಿಯನ್ನು ಒಳಕ್ಕೆ ದೂಡಿದರೆ ಒಂದು ಸ್ವರ, ಅದೇ ಗುಂಡಿ ಹಿಡಿದು ಹೊರಕ್ಕೆ ಎಳೆದರೆ ಇನ್ನೊಂದು. ಐರ್ಲೆಂಡಿನಲ್ಲಿ ನುಡಿಸುವ ಆಂಗ್ಲೋ ಕಾನ್ಸರ್ಟೀನಾದ ಮೊದಲ ಪಾಠ ಇದು. ಆರು ಮೂಲೆಯ, ಎರಡು ಅಂಗೈಗಳ ನಡುವೆ ಹಿಡಿಸುವ ಈ ಪುಟ್ಟ ಪೆಟ್ಟಿಗೆಗೆ ಸಾಮಾನ್ಯವಾಗಿ ಮೂವತ್ತು ಗುಂಡಿ. ಒಂದೊಂದು ಕೈಗೆ ಐದೈದರ ಮೂರು ಸಾಲು. ನಡುವಿನ ಸಾಲು ‘ಸಿ’ ಶ್ರುತಿಯದು, ಅಂಗೈಗೆ ಹತ್ತಿರದ್ದು ‘ಜಿ’ ಶ್ರುತಿಯದು, ಹೊರಗಿನ ಸಾಲಿನಲ್ಲಿ ಮುಖ್ಯವಾಗಿ ಈ ಎರಡರಲ್ಲೂ ಸಿಗದ ಸ್ವರಗಳು. ಐರಿಶ್ ಟ್ಯೂನುಗಳೋ ಹೆಚ್ಚಾಗಿ ‘ಡಿ’ ಮತ್ತು ‘ಜಿ’ ಶ್ರುತಿಯವು. ಹಾಗಾಗಿ ಬೆರಳುಗಳು ಸಾಲಿನಿಂದ ಸಾಲಿಗೆ ದಾಟುತ್ತಲೇ ಇರಬೇಕು. ನಡುವಿನ ‘ಬಿ’ ಸ್ವರವನ್ನೇ ತೆಗೆದುಕೊಳ್ಳಿ. ಬಲಗೈಯ ನಡು ಸಾಲಿನಲ್ಲಿ ಎಳೆದರೆ ಸಿಗುತ್ತದೆ, ಎಡಗೈಯ ಒಳಸಾಲಿನಲ್ಲಿ ದೂಡಿದರೂ ಸಿಗುತ್ತದೆ. ಯಾವುದನ್ನು ಆರಿಸಬೇಕು? ಮುಂದೆ ಬರುವ ಸ್ವರ ಯಾವುದು, ತಿದಿಯಲ್ಲಿ ಗಾಳಿ ಎಷ್ಟು ಉಳಿದಿದೆ, ತಾಳ ಎಲ್ಲಿ ಬೀಳಬೇಕು ಎಂಬುದೆಲ್ಲ ಆ ಒಂದು ಆಯ್ಕೆಯಲ್ಲಿ ಅಡಗಿರುತ್ತದೆ.

ಕೆಲಸದ ನಿಮಿತ್ತ ಐರ್ಲೆಂಡಿನ ಪಶ್ಚಿಮ ಅಂಚಿನ ಕ್ಲೇರ್ ಕೌಂಟಿಗೆ ಬಂದಾಗ ನನಗೆ ಈ ವಾದ್ಯದ ಹೆಸರೂ ಗೊತ್ತಿರಲಿಲ್ಲ. ಕಚೇರಿ ಶ್ಯಾನನ್‌ನಲ್ಲಿ, ಬಾಡಿಗೆ ಮನೆ ಎನ್ನಿಸ್ ಪಟ್ಟಣದಲ್ಲಿ. ಬೆಳೆದದ್ದು ಧಾರವಾಡದಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ ಊರು. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ಅಂಥ ಕಡೆ ಬೆಳೆದವರಿಗೆ ಸಂಗೀತವೆಂದರೆ ಮೊದಲು ಕೇಳುವ ವಿದ್ಯೆ. ಎಲ್ಲಿ ತಲೆದೂಗಬೇಕು, ಎಲ್ಲಿ ಉಸಿರು ಬಿಗಿಹಿಡಿದು ಕೂಡಬೇಕು ಎಂಬುದು ಅಲ್ಲಿನ ಸಾಮಾನ್ಯ ಕೇಳುಗರಿಗೂ ತಿಳಿದಿರುತ್ತದೆ. ಆದರೆ ಅಷ್ಟು ಎತ್ತರದ ಹಾಡುಗಾರಿಕೆಯ ಎದುರು ಸಾಧಾರಣ ಕೈಯವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ನಾನೂ ಹಾಗೆ ಸರಿದವಳು. ನಮ್ಮ ಮನೆಯಲ್ಲಿ ನುಡಿಸುತ್ತಿದ್ದವಳು ಅವ್ವ. ಗುರುವಾರ ಸಂಜೆ ಓಣಿಯ ಹೆಂಗಸರು ಭಜನೆಗೆ ಕೂಡಿದಾಗ ಆಕೆ ಜಮಖಾನೆಯ ಮೇಲೆ ಕೂತು ಪೇಟಿ, ಅಂದರೆ ಹಾರ್ಮೋನಿಯಮ್, ಬಾರಿಸುತ್ತಿದ್ದಳು. ಆಕೆಯ ಪಕ್ಕ ಕೂತು ನಾನು ಅಲಂಕಾರಗಳನ್ನು ಕಲಿತೆ, ಒಂದಿಷ್ಟು ಭಜನೆಗಳನ್ನು ಕಲಿತೆ. ಆಮೇಲೆ ಓದು, ಪರೀಕ್ಷೆ, ನೌಕರಿ ಬಂದವು. ಪೇಟಿ ಅವ್ವನದಾಗಿಯೇ ಉಳಿಯಿತು.

ಇಲ್ಲಿನ ಮೊದಲ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಎನ್ನಿಸ್‌ನ ಒಂದು ಪಬ್ಬಿಗೆ ಕರೆದೊಯ್ದರು. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗಿಬಿಡುವ ದಿನಗಳು ಅವು. ಒಳಗೆ ವೇದಿಕೆ ಇರಲಿಲ್ಲ, ಮೈಕೂ ಇರಲಿಲ್ಲ. ಮೂಲೆಯಲ್ಲಿ ಒಂದು ಮೇಜಿನ ಸುತ್ತ ಪಿಟೀಲು, ಕೊಳಲು, ಇಲಿನ್ ಪೈಪ್ ಎಂಬ ಐರಿಶ್ ಬ್ಯಾಗ್‌ಪೈಪ್ ಹಿಡಿದವರು ಒಬ್ಬರಿಗೊಬ್ಬರು ಮುಖ ಕೊಟ್ಟು ಕೂತಿದ್ದರು. ನಮಗೆ ಕಾಣುತ್ತಿದ್ದದ್ದು ಅವರಲ್ಲಿ ಅರ್ಧ ಜನರ ಬೆನ್ನು ಮಾತ್ರ. ಎಲ್ಲರೂ ನುಡಿಸುತ್ತಿದ್ದದ್ದು ಒಂದೇ ಟ್ಯೂನು. ಯಾರೂ ಯಾರಿಗೂ ಪಕ್ಕವಾದ್ಯವಲ್ಲ, ಯಾರದೂ ಮುಂದಾಳುತನವಲ್ಲ. ವಯಸ್ಸಾದ ಹೆಂಗಸೊಬ್ಬರು ಎಡ ಮೊಣಕಾಲಿನ ಮೇಲೆ ಕಾನ್ಸರ್ಟೀನಾ ಊರಿಕೊಂಡು, ಕಣ್ಣು ನೆಲದತ್ತ ಇಟ್ಟು, ಸಲೀಸಾಗಿ ನುಡಿಸುತ್ತಿದ್ದರು. ಅವರ ಪಕ್ಕದ ಹುಡುಗ ಗೊತ್ತಿದ್ದ ಟ್ಯೂನು ಬಂದಾಗ ಕೊಳಲೆತ್ತುತ್ತಿದ್ದ, ಗೊತ್ತಿಲ್ಲದ್ದು ಬಂದಾಗ ತೊಡೆಯ ಮೇಲಿಟ್ಟು ಕೇಳುತ್ತಿದ್ದ. ಅವನನ್ನು ಯಾರೂ ಹೊಗಳಲಿಲ್ಲ, ತಿದ್ದಲೂ ಇಲ್ಲ. ಅವನಿಗೂ ಅಲ್ಲೊಂದು ಕುರ್ಚಿಯಿತ್ತು. ರಾತ್ರಿ ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಟ್ಯೂನುಗಳಿಗಿಂತ ಹೆಚ್ಚಾಗಿ ಆ ಕುರ್ಚಿ.

ಕಾನ್ಸರ್ಟೀನಾದ ದನಿ ಕೇಳಿದ ಕೂಡಲೇ ಪೇಟಿಯ ನೆನಪಾದದ್ದು ಆಕಸ್ಮಿಕವಲ್ಲ. ಎರಡರ ಒಡಲಲ್ಲೂ ಇರುವುದು ಒಂದು ತುದಿ ಬಿಗಿದ, ಇನ್ನೊಂದು ತುದಿ ಬಿಟ್ಟ ಲೋಹದ ರೀಡು. ಗಾಳಿ ಹಾಯ್ದಾಗ ಅದು ಕಂಪಿಸಿ ದನಿ ಕೊಡುತ್ತದೆ. ಚೀನಾದ ‘ಶಂಗ್’ ವಾದ್ಯದಲ್ಲಿ ಬಹು ಹಿಂದಿನಿಂದ ಇದ್ದ ಈ ತತ್ವದಿಂದ 19ನೇ ಶತಮಾನದ ಯುರೋಪಿನಲ್ಲಿ ಹತ್ತಾರು ವಾದ್ಯಗಳು ಹುಟ್ಟಿದವು. ಲಂಡನ್ನಿನಲ್ಲಿ ಕಾನ್ಸರ್ಟೀನಾ ರೂಪಿಸಿದವರು ಚಾರ್ಲ್ಸ್ ವೀಟ್‌ಸ್ಟನ್. ಪಿಯುಸಿ ಪ್ರಯೋಗಾಲಯದಲ್ಲಿ ‘ವೀಟ್‌ಸ್ಟನ್ ಬ್ರಿಡ್ಜ್’ ಎಂದು ನಾವೆಲ್ಲ ಬರೆದುಕೊಂಡ ಅದೇ ವಿಜ್ಞಾನಿ. ಅವರ ವಾದ್ಯದಲ್ಲಿ ದೂಡಿದರೂ ಎಳೆದರೂ ಒಂದೇ ಸ್ವರ. 1834ರಲ್ಲಿ ಜರ್ಮನಿಯ ಕೆಮ್ನಿಟ್ಸ್ ಊರಿನ ಕಾರ್ಲ್ ಫ್ರೀಡ್ರಿಕ್ ಉಲಿಗ್ ಮಾಡಿದ ಪೆಟ್ಟಿಗೆಯಲ್ಲಿ ಮಾತ್ರ ಮೌತ್ ಆರ್ಗನ್ನಿನ ಹಾಗೆ ಗಾಳಿಯ ದಿಕ್ಕಿಗೊಂದು ಸ್ವರ. ಆ ಬಗೆಯ ಎರಡು ಸಾಲಿನ ಪೆಟ್ಟಿಗೆಗೆ ಇಂಗ್ಲೆಂಡಿನ ಕುಶಲಕರ್ಮಿಗಳು ಮೂರನೆಯ ಸಾಲು ಸೇರಿಸಿದ್ದರಿಂದ ಆಂಗ್ಲೋ ಆಯಿತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಾರ್ಮೋನಿಯಮ್ಮಿಗೆ ಪೇಟೆಂಟ್ ಪಡೆದರು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಆಡಿಸುತ್ತ ನುಡಿಸುವಂತೆ ಮಾಡಿದರು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಾಗಲೂ ನಮ್ಮ ಭಜನಾಮಂದಿರಗಳು, ನಾಟಕ ಕಂಪನಿಗಳು, ಮನೆಯ ಪಡಸಾಲೆಗಳು ಅದನ್ನು ಬಿಟ್ಟುಕೊಡಲಿಲ್ಲ. ಶಾಸ್ತ್ರದವರು ಒಪ್ಪಲಿ ಬಿಡಲಿ, ನಿತ್ಯ ನುಡಿಸುವ ಕೈಗಳಿದ್ದರೆ ವಾದ್ಯ ಬದುಕುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ನನಗೆ ಕ್ಲೇರ್‌ನಲ್ಲಿ ಸಿಗುವುದಿತ್ತು.

ಹಳೆಯ ಜೆಫ್ರೀಸ್ ಅಥವಾ ವೀಟ್‌ಸ್ಟನ್ ಕಂಪನಿಯ ಕಾನ್ಸರ್ಟೀನಾಕ್ಕೆ ಇವತ್ತು ಸಾವಿರಾರು ಯೂರೋ ಬೆಲೆ. ಹೊಸದನ್ನು ಕೈಯಿಂದ ಮಾಡಿಕೊಡುವ ಒಳ್ಳೆಯ ಕುಶಲಕರ್ಮಿಗಳ ಬಳಿ ವರ್ಷಗಟ್ಟಲೆ ಸರದಿ ಕಾಯಬೇಕು. ಕಲಿಯುವವರಿಗಾಗಿ ಅಕಾರ್ಡಿಯನ್ ರೀಡು ಹಾಕಿದ ಸಾಧಾರಣ ಪೆಟ್ಟಿಗೆಗಳು ಬಾಡಿಗೆಗೆ ಸಿಗುತ್ತವೆ. ಅಂಥದೊಂದನ್ನು ಹಿಡಿದು ನಾನು ಎನ್ನಿಸ್‌ನ ಹೊರವಲಯದಲ್ಲಿ ಪಾಠ ಹೇಳುವ ಒಬ್ಬ ಮಹಿಳೆಯ ಮನೆಗೆ ಹೋದೆ. ಪುಸ್ತಕ ಇರಲಿಲ್ಲ, ಸ್ವರಲಿಪಿ ಇರಲಿಲ್ಲ. ಅವರು ಟ್ಯೂನಿನ ಒಂದು ತುಣುಕನ್ನು ಮೊದಲು ಬಾಯಲ್ಲಿ ಹೇಳುತ್ತಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ಲಯಕ್ಕೆ ಹೊಂದಿಸಿ ಹಾಡುವ ಲಿಲ್ಟಿಂಗ್ ಎಂಬ ಪದ್ಧತಿ ಅದು. ಆಮೇಲೆ ನುಡಿಸುತ್ತಿದ್ದರು, ನಾನು ಹಿಂಬಾಲಿಸುತ್ತಿದ್ದೆ. ಕೂಡಿಬಂದರೆ ಮುಂದಿನ ತುಣುಕು. ಗುರುವಿನ ಬಾಯಿಂದ ಸಾಲುಸಾಲಾಗಿ ಕಲಿಯುವ ಈ ಕ್ರಮ ನನಗೆ ಮನೆಯದೇ ಅನಿಸಿತು. ಮೊದಲು ಕಲಿತದ್ದು ‘ಮ್ಯಾಗಿ ಇನ್ ದ ವುಡ್ಸ್’ ಎಂಬ ಪೋಲ್ಕಾ. ಇಲ್ಲಿನ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಲಿಯುವ ಟ್ಯೂನು ಅದು.

ಪೇಟಿಯ ಅಭ್ಯಾಸದಿಂದ ನನ್ನ ಕೈ ಸ್ವರಗಳನ್ನು ಒಂದಕ್ಕೊಂದು ಅಂಟಿಸಿ, ಎಳೆದು, ತುಂಬಿಸಿ ನುಡಿಸುತ್ತಿತ್ತು. ಅವರು ಸ್ವಲ್ಪ ಹೊತ್ತು ಕೇಳಿ ಒಂದೇ ಪ್ರಶ್ನೆ ಹಾಕುತ್ತಿದ್ದರು: “ಇದಕ್ಕೆ ಯಾರಾದರೂ ಕುಣಿಯಬಹುದೇ?” ಉತ್ತರ ತಿದಿಯಲ್ಲಿತ್ತು. ದೂಡುವುದನ್ನು ನಿಲ್ಲಿಸಿ ಎಳೆಯತೊಡಗುವ ಕ್ಷಣದಲ್ಲಿ ದನಿ ಕೂದಲೆಳೆಯಷ್ಟು ಕಡಿಯುತ್ತದೆ. ಆ ಕಡಿತವೇ ತಾಳ. ಒಂದೇ ದಿಕ್ಕಿನಲ್ಲಿ ನಾಲ್ಕು ಸ್ವರ ನುಡಿಸಿದರೆ ನಾದ ಹರಿಯುತ್ತದೆ. ನಡುವೆ ದಿಕ್ಕು ಬದಲಿಸಿದರೆ ನಾದ ಪುಟಿಯುತ್ತದೆ. ಮೊದಲು ಹೇಳಿದ ‘ಬಿ’ ಸ್ವರವನ್ನು ದೂಡಬೇಕೋ ಎಳೆಯಬೇಕೋ ಎಂಬುದು ಆಗ ಬರೀ ಬೆರಳಿನ ಅನುಕೂಲದ ಪ್ರಶ್ನೆಯಾಗಿ ಉಳಿಯಲಿಲ್ಲ. ಕುಣಿಯುವವರ ಪಾದ ಯಾವಾಗ ನೆಲ ಬಿಡುತ್ತದೆ, ಯಾವಾಗ ಊರುತ್ತದೆ ಎಂಬುದನ್ನು ನನ್ನ ತೋಳು ನಿರ್ಧರಿಸುತ್ತಿತ್ತು. ಇಬ್ಬರು ವಾದಕರು ಒಂದೇ ಟ್ಯೂನನ್ನು ಬೇರೆ ಬೇರೆ ಗುಂಡಿಗಳಲ್ಲಿ ನುಡಿಸಿದರೆ ಸ್ವರಗಳು ಅವೇ, ನಡೆ ಮಾತ್ರ ಬೇರೆ. ಕಾನ್ಸರ್ಟೀನಾ ವಾದಕ ನೋಯೆಲ್ ಹಿಲ್ ಸಾಲುಗಳನ್ನು ದಾಟಿ ನುಡಿಸುವ ವೇಗ, ತುಂಬು ನಾದ ಒಂದು ದಾರಿ. ಹಳೆಯ ವಾದಕರು ಆದಷ್ಟು ಒಂದೇ ಸಾಲಿನಲ್ಲಿದ್ದು ದೂಡಿ ಎಳೆದು ನುಡಿಸುವ ಗಟ್ಟಿ ಲಯ ಇನ್ನೊಂದು ದಾರಿ. ಟುಲ್ಲಾದ ಮೇರಿ ಮ್ಯಾಕ್‌ನಮಾರಾ ಪೂರ್ವ ಕ್ಲೇರ್‌ನ ಟ್ಯೂನುಗಳನ್ನು ನಿಧಾನವಾಗಿ, ಒಂದೊಂದು ಸ್ವರಕ್ಕೂ ಜಾಗ ಬಿಟ್ಟು ನುಡಿಸುವುದನ್ನು ಕೇಳಿದಾಗ ಮಾತ್ರ, ಇಲ್ಲಿಯೂ ವಿಲಂಬಿತದ ಸುಖ ಬಲ್ಲವರು ಇದ್ದಾರೆ ಅನ್ನಿಸಿ ಮನಸ್ಸು ತುಂಬಿತು.

ಬಹುಪಾಲು ಟ್ಯೂನುಗಳ ಅಳತೆ ಚಿಕ್ಕದು. ಎಂಟು ಬಾರುಗಳ ಒಂದು ಭಾಗ, ಅದನ್ನು ಎರಡು ಸಲ; ಎಂಟು ಬಾರುಗಳ ಇನ್ನೊಂದು ಭಾಗ, ಅದೂ ಎರಡು ಸಲ. ಮೂವತ್ತೆರಡು ಬಾರುಗಳಿಗೆ ಒಂದು ಸುತ್ತು ಮುಗಿಯಿತು. ಎರಡು ಮೂರು ಸುತ್ತಿನ ನಂತರ ತಡೆಯಿಲ್ಲದೆ ಮುಂದಿನ ಟ್ಯೂನಿಗೆ ಜಿಗಿಯುತ್ತಾರೆ. ಆಲಾಪವಿಲ್ಲ, ತಾನಿಲ್ಲ, ಬಡಾಖ್ಯಾಲಿನ ಬಿಚ್ಚಿಕೊಳ್ಳುವಿಕೆ ಇಲ್ಲ. ಒಂದು ರಾಗ ಗಂಟೆಗಟ್ಟಲೆ ಅರಳುವುದನ್ನು ಕೇಳಿ ಬೆಳೆದ ಕಿವಿಗೆ ಇದು ಆರಂಭದಲ್ಲಿ ಬಡತನವಾಗಿ ಕೇಳಿಸುವುದು ಸಹಜ. ಆದರೆ ಅದೇ ಟ್ಯೂನನ್ನು ಒಂದು ಚಳಿಗಾಲ ಪೂರ್ತಿ ನುಡಿಸಿದ ಮೇಲೆ ಕಿವಿ ಸೂಕ್ಷ್ಮವಾಯಿತು. ಎರಡನೆಯ ಸಲ ಬರುವಾಗ ಒಂದು ಉದ್ದ ಸ್ವರದ ಜಾಗದಲ್ಲಿ ಮೂರು ಕಿರುಸ್ವರ, ಇನ್ನೊಂದೆಡೆ ಮೇಲಿನ ಸ್ವರದ ಒಂದು ಮಿಂಚು ತಾಕು, ಮತ್ತೊಂದೆಡೆ ಕೆಳಗಿನ ಸಪ್ತಕದ ಜೊತೆಸ್ವರ. ಅಷ್ಟೇ ಬದಲಾವಣೆ. ಅದನ್ನು ಗುರುತಿಸುವವರು ಪಕ್ಕದಲ್ಲಿ ಕೂತು ನುಡಿಸುತ್ತಿರುವವರು ಮಾತ್ರ. ಅವರು ಹುಬ್ಬು ಎತ್ತಿ ನಕ್ಕರೆ ಅದೇ ‘ವಾಹ್’.

ಈ ವಾದ್ಯದ ಕಥೆಯನ್ನು ಕ್ಲೇರ್‌ನ ಹೆಂಗಸರನ್ನು ಬಿಟ್ಟು ಹೇಳಲಾಗದು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ಕಾರ್ಖಾನೆಗಳ ಅಗ್ಗದ ಕಾನ್ಸರ್ಟೀನಾಗಳು ಐರ್ಲೆಂಡಿನ ಸಣ್ಣ ಪೇಟೆಗಳ ಅಂಗಡಿಗಳಿಗೂ ಬಂದವು. ಹಳ್ಳಿಯ ಹೆಂಗಸರು ಕೊಳ್ಳಬಹುದಾದ, ಅಡುಗೆಮನೆಯ ಗೋಡೆಗೂಡಿನಲ್ಲಿ ಇಡಬಹುದಾದ, ಯಾರನ್ನೂ ಕೇಳದೆ ಕಲಿಯಬಹುದಾದ ವಾದ್ಯ ಅದು. ಸುಗ್ಗಿ ಮುಗಿದಾಗ, ಮದುವೆಯಾದಾಗ, ಅಮೆರಿಕೆಗೆ ಹೊರಟವರನ್ನು ಬೀಳ್ಕೊಡುವಾಗ ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಸೇರುತ್ತಿದ್ದರು. ಕಲ್ಲುಚಪ್ಪಡಿಯ ಅಡುಗೆಮನೆಯಲ್ಲಿ ಮೇಜು ಪಕ್ಕಕ್ಕೆ ಸರಿಸಿ ಕುಣಿಯುತ್ತಿದ್ದರು. ಅಲ್ಲಿ ಒಬ್ಬಾಕೆಯ ಕಾನ್ಸರ್ಟೀನಾ ಇದ್ದರೆ ಸಾಕಿತ್ತು. 1935ರ ಸಾರ್ವಜನಿಕ ನೃತ್ಯಶಾಲೆ ಕಾಯ್ದೆಯು ಕುಣಿತಕ್ಕೆ ಪರವಾನಗಿ ಬೇಕೆಂದಿತು. ಅದು ಮನೆಗಳ ಕುಣಿತದ ಮೇಲೂ ಕೈಹಾಕಿತು. ಕುಣಿತ ದೊಡ್ಡ ಸಭಾಂಗಣಗಳಿಗೆ ಹೋಯಿತು. ಅಲ್ಲಿ ಅಕಾರ್ಡಿಯನ್ನಿನ ಜೋರು ದನಿಯ ಮುಂದೆ ಕಾನ್ಸರ್ಟೀನಾ ಕೇಳಿಸುತ್ತಿರಲಿಲ್ಲ. ದೇಶದ ಬಹುಭಾಗದಲ್ಲಿ ಅದು ಮರೆಯಾಗುತ್ತ ಬಂತು. ಕ್ಲೇರ್‌ನಲ್ಲಿ ಮಾತ್ರ ಬಿಡದೆ ಉಳಿಯಿತು.

ಉಳಿಸಿದವರಲ್ಲಿ ಎಲಿಜಬೆತ್ ಕ್ರಾಟಿಯವರ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ. 1885ರಲ್ಲಿ ಪಶ್ಚಿಮ ಕ್ಲೇರ್‌ನಲ್ಲಿ ಹುಟ್ಟಿದ ಅವರು ಮದುವೆಯಾಗಿ ಕಿಲ್‌ರಶ್ ಪೇಟೆಗೆ ಬಂದರು. ಅಲ್ಲಿನ ಮಾರ್ಕೆಟ್ ಚೌಕದಲ್ಲಿ ಗಂಡನ ಜೊತೆ ಪಬ್ಬು ನಡೆಸುತ್ತ, ಬಂದವರಿಗೆ ಕಾನ್ಸರ್ಟೀನಾ ನುಡಿಸುತ್ತ ಬಾಳಿದರು. 1950ರ ದಶಕದಲ್ಲಿ ಐರಿಶ್ ರೇಡಿಯೊದ ಕೀರಾನ್ ಮ್ಯಾಕ್ ಮಹೂನಾ ಧ್ವನಿಮುದ್ರಣದ ವಾಹನದೊಂದಿಗೆ ಹಳ್ಳಿಗಳಿಗೆ ಬಂದಾಗ ಈಕೆಯ ವಾದನವನ್ನೂ ಮುದ್ರಿಸಿಕೊಂಡರು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 1960ರಲ್ಲಿ ತೀರಿಕೊಂಡ ಅವರ ಆ ಮುದ್ರಿಕೆಗಳನ್ನು ನಾನು ಬಸ್ಸಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಲಂಕಾರ ಕಡಿಮೆ, ಅವಸರವೇ ಇಲ್ಲ, ಲಯ ಮಾತ್ರ ಅಲ್ಲಾಡದು. ಇನ್ನೊಬ್ಬರು ಕಿಟ್ಟಿ ಹೇಯ್ಸ್. ಚಿಕ್ಕಂದಿನಲ್ಲಿ ಕಲಿತು ಕುಣಿತಗಳಿಗೆ ನುಡಿಸುತ್ತಿದ್ದವರು, ಸಂಸಾರ ನಡೆಸಿದ ದಶಕಗಳಷ್ಟು ಕಾಲ ವಾದ್ಯ ಮುಟ್ಟಲಿಲ್ಲ. ಕೊಳಲುವಾದಕರಾಗಿದ್ದ ಪತಿ ತೀರಿದ ಮೇಲೆ, ಇಳಿವಯಸ್ಸಿನಲ್ಲಿ, ಮತ್ತೆ ಕೈಗೆತ್ತಿಕೊಂಡರು. 2008ರಲ್ಲಿ ಅವರು ಹೋಗುವ ಹೊತ್ತಿಗೆ ಅವರ ಮುದ್ರಿಕೆಗಳು ಹೊರಬಂದಿದ್ದವು, ಎಳೆಯರು ಅವರ ಟ್ಯೂನುಗಳನ್ನು ಕಲಿಯತೊಡಗಿದ್ದರು. ಡೂಲಿನ್ ಊರಿನ ಪ್ಯಾಕಿ ರಸೆಲ್ ಕಲ್ಲುಕುಟಿಗರಾಗಿದ್ದರು, ಬೆಲ್ ಹಾರ್ಬರಿನ ಕ್ರಿಸ್ ಡ್ರೋನಿ ರೈತರಾಗಿದ್ದರು. ಇವರಲ್ಲಿ ಯಾರಿಗೂ ಸಂಗೀತ ಜೀವನೋಪಾಯವಾಗಿರಲಿಲ್ಲ. ಕಲ್ಲು, ಹೊಲ, ಅಂಗಡಿ, ಅಡುಗೆ ಇವುಗಳ ನಡುವೆ ನುಡಿಸಿದರು. ಐರಿಶ್ ಕಾನ್ಸರ್ಟೀನಾದ ಪರಂಪರೆ ಎಂದು ಇಂದು ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಮಾಡುವುದು ಇಂಥವರ ಬಿಡುವಿನ ಸಂಜೆಗಳನ್ನು.

ಜುಲೈ ತಿಂಗಳ ಆರಂಭದಲ್ಲಿ ಕ್ಲೇರ್‌ನ ಮಿಲ್‌ಟೌನ್ ಮಾಲ್‌ಬೇ ಎಂಬ ಚಿಕ್ಕ ಊರಿನಲ್ಲಿ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆ ನಡೆಯುತ್ತದೆ. ಆ ಊರಿನ ಪೈಪ್ ವಾದಕರಾಗಿದ್ದ ಕ್ಲಾನ್ಸಿ 1973ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಗೆಳೆಯರು ಅವರ ನೆನಪಿಗೆ ಇದನ್ನು ಶುರುಮಾಡಿದರು. ವಾರವಿಡೀ ಶಾಲೆಯ ಕೊಠಡಿಗಳಲ್ಲಿ, ಸಭಾಂಗಣಗಳಲ್ಲಿ, ಮನೆಗಳಲ್ಲಿ ಪಾಠ. ರಾತ್ರಿ ರಸ್ತೆಯುದ್ದಕ್ಕೂ ಪಬ್ಬು, ಅಡುಗೆಮನೆ, ಫುಟ್‌ಪಾತುಗಳಲ್ಲಿ ವಾದನ. ನನ್ನ ತರಗತಿಯಲ್ಲಿ ಜಪಾನಿನ ಹುಡುಗಿ, ಫ್ರಾನ್ಸಿನ ಮೇಷ್ಟ್ರು, ಹತ್ತು ವರ್ಷದ ಸ್ಥಳೀಯ ಹುಡುಗ ಒಂದೇ ಬೆಂಚಿನ ಮೇಲಿದ್ದರು. ಕಲಿಸುವವರು ಒಂದು ಟ್ಯೂನು ಹೇಳಿಕೊಡುವ ಮೊದಲು ಅದು ಯಾರಿಂದ ತಮಗೆ ಬಂತು, ಅವರಿಗೆ ಯಾರಿಂದ ಬಂತು ಎಂದು ಹೇಳಿಯೇ ಮುಂದುವರಿಯುತ್ತಿದ್ದರು. ಬಹುತೇಕ ಟ್ಯೂನುಗಳಿಗೆ ಕಟ್ಟಿದವರ ಹೆಸರು ಉಳಿದಿಲ್ಲ, ಕೊಟ್ಟವರ ಹೆಸರು ಉಳಿದಿದೆ. ಕಾರ್ಕ್ ಕೌಂಟಿಯಿಂದ ವಲಸೆ ಹೋಗಿ ಶಿಕಾಗೋದ ಪೊಲೀಸ್ ಮುಖ್ಯಸ್ಥರಾದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಟ್ಯೂನುಗಳ ಪುಸ್ತಕ ಹೊರತಂದರು. ಅವುಗಳಲ್ಲಿ ಬಹಳಷ್ಟನ್ನು ಅವರು ಕಲೆಹಾಕಿದ್ದೂ ವಲಸೆ ಬಂದ ಸಾಮಾನ್ಯ ಜನರ ನೆನಪಿನಿಂದ.

ಸೆಷನ್ ಎಂದು ಕರೆಯುವ ಪಬ್ಬಿನ ಅಂಥ ಕೂಟಕ್ಕೆ ನಾನು ಮೊದಲ ಸಲ ಪೆಟ್ಟಿಗೆ ತೆಗೆದುಕೊಂಡು ಹೋದಾಗ ಗೋಡೆಯ ಪಕ್ಕ ನಿಂತಿದ್ದೆ. ಪಿಟೀಲಿನ ಹಿರಿಯರೊಬ್ಬರು ತಮ್ಮ ಕುರ್ಚಿಯನ್ನು ಒಂದಿಷ್ಟು ಸರಿಸಿ, ಕಾಲಿನಿಂದ ಸ್ಟೂಲೊಂದನ್ನು ಎಳೆದು, “ಕೂತುಕೋ, ನಿನ್ನ ಬಳಿ ಏನಿದೆ?” ಎಂದರು. ಎಷ್ಟು ಬರುತ್ತದೆ, ಯಾರ ಬಳಿ ಕಲಿತೆ, ಯಾವ ದೇಶ ಎಂದು ಯಾರೂ ಕೇಳಲಿಲ್ಲ. ನಾನು ಒಂದು ಜಿಗ್ ಶುರುಮಾಡಿದೆ, ನನ್ನ ಕೈಗೆ ಒಗ್ಗುವ ನಿಧಾನದಲ್ಲಿ. ಎರಡನೆಯ ಸಾಲಿನ ಹೊತ್ತಿಗೆ ಆ ಮೇಜಿನ ಅಷ್ಟೂ ವಾದ್ಯಗಳು ನನ್ನ ವೇಗಕ್ಕೇ ಹೊಂದಿಕೊಂಡು ಜೊತೆಗೂಡಿದವು. ಆ ಕ್ಷಣದ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿಯೂ ಶಿಸ್ತಿದೆ. ಬರದ ಟ್ಯೂನಿಗೆ ಸುಮ್ಮನಿರಬೇಕು, ಶುರುಮಾಡಿದವರ ವೇಗವನ್ನು ಮೀರಬಾರದು, ಹಾಡು ಬಂದರೆ ವಾದ್ಯ ಕೆಳಗಿಡಬೇಕು. ಆದರೆ ಸಾಧಾರಣ ಕೈಗೆ ಜಾಗವಿಲ್ಲ ಎಂಬ ನಿಯಮ ಮಾತ್ರ ಇಲ್ಲ. ಅಸಾಧಾರಣ ವಾದಕರೂ ಅದೇ ವೃತ್ತದಲ್ಲಿ, ಅದೇ ಟ್ಯೂನನ್ನು, ಅದೇ ಮಟ್ಟದ ಕುರ್ಚಿಯಲ್ಲಿ ಕೂತು ನುಡಿಸುತ್ತಾರೆ. ಅವರ ಪಕ್ಕ ನುಡಿಸುತ್ತಲೇ ನಮ್ಮ ಕೈ ಬೆಳೆಯುತ್ತದೆ.

ಆಮೇಲೊಮ್ಮೆ ಹಳ್ಳಿಯ ಸಭಾಂಗಣದಲ್ಲಿ ಸೆಟ್ ಕುಣಿತಕ್ಕೆ ನುಡಿಸುವ ಅವಕಾಶ ಬಂತು. ಒಂದೊಂದು ಸೆಟ್ಟಿಗೆ ನಾಲ್ಕು ಜೋಡಿ, ಪಶ್ಚಿಮ ಕ್ಲೇರ್‌ನ ಕ್ಯಾಲಿಡೋನಿಯನ್ ಸೆಟ್. ರೀಲ್ ಶುರುವಾಗುತ್ತಲೇ ಅವರ ಪಾದಗಳು ಮರದ ನೆಲದ ಮೇಲೆ ತಟ್ಟುವ ಲಯ ನನ್ನ ಕುರ್ಚಿಯ ಕಾಲುಗಳ ಮೂಲಕ ಮೈಗೆ ಏರಿತು. ತಿದಿ ತಿರುಗಬೇಕಾದ ಜಾಗ ಯಾವುದೆಂದು ಆಗ ಯೋಚಿಸಬೇಕಾಗಲಿಲ್ಲ, ಕುಣಿಯುವವರೇ ಹೇಳಿಕೊಡುತ್ತಿದ್ದರು. ಗುರುಗಳು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಎಪ್ಪತ್ತರ ಅಜ್ಜಿಯೊಬ್ಬರು ನನ್ನ ಎದುರೇ ಗಿರಕಿ ಹೊಡೆದಾಗ ಸಿಕ್ಕಿತು.

ಇದನ್ನೆಲ್ಲ ನಾನು ಫೋನಿನಲ್ಲಿ ಅವ್ವನಿಗೆ ಹೇಳುತ್ತಿದ್ದೆ, ನುಡಿಸಿ ಕೇಳಿಸುತ್ತಿದ್ದೆ. ‘ಸ್ವಾಲೋಟೇಲ್ ಜಿಗ್’ ಕೇಳಿದ ದಿನ ಆಕೆ ತಡೆದು, “ನಿಂದರ, ಇದು ಕಾಫಿ ಥಾಟ್ ಅಲ್ಲೇನ? ಹಂಗಾರ ನಮ್ಮ ಪೇಟಿ ಮ್ಯಾಲೂ ಬರಬೇಕಲ್ಲ!” ಅಂದಳು. ಹೌದು. ಇಲ್ಲಿನವರು ಡೋರಿಯನ್ ಎನ್ನುವ ಸ್ವರಪಂಕ್ತಿಯೂ ನಮ್ಮ ಕಾಫಿ ಥಾಟೂ ಒಂದೇ. ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದದ್ದು ಶುದ್ಧ. ಮಿಕ್ಸೊಲಿಡಿಯನ್ ಎನ್ನುವುದು ಖಮಾಜ್ ಥಾಟು. ನಡೆ, ನುಡಿ, ಮನೋಧರ್ಮ ಎಲ್ಲ ಬೇರೆಯಾದರೂ ಸ್ವರಗಳ ನೆಲೆ ಅದೇ. “ಅವ್ವಾ, ನೀ ಬಾರಿಸಿ ನೋಡು” ಎಂದೆ. ಒಂದು ವಾರದೊಳಗೆ ಆಕೆ ಅದನ್ನು ಪೇಟಿಯ ಮೇಲೆ ಹಿಡಿದಳು. ಗುರುವಾರದ ಹೆಂಗಸರು ಅದಕ್ಕೆ ತಾಳ ಕುಟ್ಟಿದರಂತೆ. ಕಿಲ್‌ರಶ್‌ನ ಕ್ರಾಟಿಯವರ ಬಗ್ಗೆ, ಕಿಟ್ಟಿ ಹೇಯ್ಸ್ ಅವರ ಬಗ್ಗೆ ಹೇಳಿದಾಗ ಅವ್ವ ಬಹಳ ಹೊತ್ತು ಪ್ರಶ್ನೆ ಕೇಳಿದಳು: ಆಕೆಗೆ ಎಷ್ಟು ಮಕ್ಕಳು, ಯಾವಾಗ ಬಾರಿಸುತ್ತಿದ್ದಳು, ಮನೆಯವರು ಏನಂತಿದ್ದರು. ಆ ಪ್ರಶ್ನೆಗಳಿಂದ ನನಗೆ ಅವ್ವನ ಗುರುವಾರಗಳ ಬೆಲೆ ತಿಳಿಯಿತು. ದೊಡ್ಡ ಗಾಯಕರ ಊರಿನಲ್ಲಿ, ಯಾವ ವೇದಿಕೆಗೂ ಆಸೆಪಡದೆ, ಹತ್ತು ಜನ ಒಟ್ಟಿಗೆ ಹಾಡಲಿಕ್ಕೆ ಆಸರೆಯಾಗಿ ಆಕೆ ಅಷ್ಟು ವರ್ಷ ಶ್ರುತಿ ಹಿಡಿದು ಕೂತಿದ್ದಳು. ಕ್ಲೇರ್‌ನ ಅಡುಗೆಮನೆಗಳಲ್ಲಿ ನಡೆದದ್ದೂ ಇದೇ.

ದೊಡ್ಡ ಕಲಾವಿದರು ಸಂಗೀತವನ್ನು ಎತ್ತರಕ್ಕೆ ಒಯ್ಯುತ್ತಾರೆ. ಅದನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸದ ಬಹುಪಾಲು ಹೆಸರಿಲ್ಲದ ಕೈಗಳದು. ಕಾನ್ಸರ್ಟೀನಾ ಇಂದು ಐರ್ಲೆಂಡಿನ ಎಳೆಯರ ಅಚ್ಚುಮೆಚ್ಚಿನ ವಾದ್ಯಗಳಲ್ಲೊಂದಾಗಿದ್ದರೆ, ಅದರ ದನಿ ಅಡಗುತ್ತಿದ್ದ ಕಾಲದಲ್ಲಿ ಕೆಲವು ಮನೆಗಳಲ್ಲಿ ಜನ ಸುಮ್ಮನೆ ನುಡಿಸುತ್ತಲೇ ಇದ್ದದ್ದೇ ಅದಕ್ಕೆ ಕಾರಣ. ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಅಜ್ಜನದೋ ಅತ್ತೆಯದೋ ಪೇಟಿಯಿದೆ. ತಿದಿ ಹರಿದಿದ್ದರೆ ಹೊಸದು ಹಾಕಿಸಬಹುದು, ಬೇಸೂರಾದ ರೀಡನ್ನು ಮತ್ತೆ ಶ್ರುತಿಗೆ ತರಬಹುದು. ಕೆಳಗಿಳಿಸಿ, ಒರೆಸಿ, ಮಕ್ಕಳ ಮುಂದಿಡಿ. ಸ್ಪರ್ಧೆಗೆ, ವೇದಿಕೆಗೆ, ಪ್ರಮಾಣಪತ್ರಕ್ಕೆ ಎಂದು ಹೇಳಬೇಡಿ. ವಾರಕ್ಕೊಂದು ಸಂಜೆ ನಾಲ್ಕು ಜನ ಕೂತು ಗೊತ್ತಿರುವ ಹಾಡನ್ನು ಒಟ್ಟಿಗೆ ಹೇಳಲಿಕ್ಕೆ ಅದು ಸಾಕು. ಮಹಾನ್ ಗಾಯಕರನ್ನು ಕೇಳುವ ಕಿವಿ ನಮ್ಮ ಜನಕ್ಕೆ ಮೊದಲಿನಿಂದಲೂ ಇದೆ. ತಮಗಾಗಿ, ತಮ್ಮವರ ಜೊತೆ ನುಡಿಸುವ ಕೈಯೂ ಇರಲಿ.